ಸಮಾನತೆಯ ಹಾದಿಯಲ್ಲಿ ಸತ್ಯಾಗ್ರಹವೂ ಗಲಭೆಯೂ

ಅಮೆರಿಕೆಯ ಕಪ್ಪು ಜನರ ಹೋರಾಟವನ್ನು ಕುರಿತು ಪಾಠ ಹೇಳುವಾಗ ತರಗತಿಯಲ್ಲಿ ತಪ್ಪದೆ ಏಳುವ ಪ್ರಶ್ನೆಯೊಂದಿದೆ: ಸಮಾನತೆಯನ್ನು ಮುಂದಕ್ಕೆ ಒಯ್ದುದು ಮಾರ್ಟಿನ್ ಲೂಥರ್ ಕಿಂಗರ ಶಾಂತಿಯುತ ಮೆರವಣಿಗೆಗಳೋ, ನಗರಗಳಲ್ಲಿ ಹೊತ್ತಿದ ಗಲಭೆಗಳೋ, ಎರಡೂ ಕೂಡಿಯೋ? ವರ್ಣಭೇದವೂ ಜಾತಿಭೇದವೂ ಒಂದೇ ಅಲ್ಲ. ಆದರೂ ಹುಟ್ಟಿನಿಂದಲೇ ಮನುಷ್ಯನ ಸ್ಥಾನವನ್ನು ಗೊತ್ತುಮಾಡುವುದರಲ್ಲಿ ಅವು ಒಂದನ್ನೊಂದು ಹೋಲುವುದರಿಂದ, ಈ ಪ್ರಶ್ನೆಯನ್ನು ನಮ್ಮ ನೆರೆಯ ಚರಿತ್ರೆಗೆ ಹಾಕಿ ನೋಡುವುದು ಅನುಚಿತವಾಗಲಾರದು. ನಾವಿರುವ ತ್ಯಾವಣಿಗೆಯ ಸೀಮೆ ಚನ್ನಗಿರಿ ತಾಲ್ಲೂಕಿನೊಡನೆ 1997ರವರೆಗೆ ಶಿವಮೊಗ್ಗ ಜಿಲ್ಲೆಗೆ ಸೇರಿತ್ತು. ಇಲ್ಲಿ ವಿವೇಚಿಸುವ ಎರಡು ಪ್ರಸಂಗಗಳಲ್ಲಿ ಮೊದಲನೆಯದು ಆ ಜಿಲ್ಲೆಯದೇ. ಎರಡನೆಯದರ ಫಲ ಮೊಳೆತುದೂ ಅಲ್ಲಿಯೇ.

ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರ ಏಪ್ರಿಲ್‌ನಲ್ಲಿ ಆರಂಭವಾದ ರೈತ ಸತ್ಯಾಗ್ರಹದ ಮೂಲದಲ್ಲಿದ್ದುದು ಒಂದು ಅಳತೆಯ ಪಾತ್ರೆ. ಗೇಣಿಯ ಭತ್ತವನ್ನು ಅಳೆದುಕೊಳ್ಳುವಾಗ ಒಡೆಯರು ಬಳಸುತ್ತಿದ್ದ ಕೊಳಗ ನಿಗದಿಯಾದುದಕ್ಕಿಂತ ದೊಡ್ಡದೆಂಬುದು ಗೇಣಿದಾರರ ಆಕ್ಷೇಪಣೆ. ಗೇಣಿದಾರರು ಬಹುಮಟ್ಟಿಗೆ ದೀವರು. ಒಡೆಯರಾದರೋ ಸಮಾಜದ ಮೇಲಿನ ಶ್ರೇಣಿಯವರು. ಆದುದರಿಂದ ಕೊಳಗದ ತಕರಾರು ಧಾನ್ಯದ ಲೆಕ್ಕವಷ್ಟೇ ಆಗಿರದೆ, ಅಂಗಳದಲ್ಲಿ ನಿಂತವನು ಜಗುಲಿಯಲ್ಲಿ ಕುಳಿತವನನ್ನು ಪ್ರಶ್ನಿಸಬಹುದೇ ಎಂಬುದೂ ಆಗಿತ್ತು. ಹೆಚ್. ಗಣಪತಿಯಪ್ಪನವರು ಕಟ್ಟಿದ ಸಂಘಟನೆಗೆ ಸಮಾಜವಾದಿ ಪಕ್ಷ ಬೆಂಬಲವಾಗಿ ನಿಂತಿತು. ರೈತರು ನೇಗಿಲು ಹೊತ್ತು ತಂಡತಂಡವಾಗಿ ಗದ್ದೆಗಿಳಿದರು, ಬಂಧನಕ್ಕೊಳಗಾದರು. ಜೂನ್‌ನಲ್ಲಿ ರಾಮಮನೋಹರ ಲೋಹಿಯಾರವರು ಬಂದು ತಾವೂ ಬಂಧಿತರಾದ ಮೇಲೆ, ಮಲೆನಾಡಿನ ಈ ಸಣ್ಣ ಹಳ್ಳಿಯ ಹೆಸರು ದೇಶದ ಪತ್ರಿಕೆಗಳಿಗೆ ಬಂದಿತು.

ಆ ವರ್ಷ ಗೇಣಿದಾರರ ಕೈಗೆ ಭೂಮಿ ಬರಲಿಲ್ಲ. ಸತ್ಯಾಗ್ರಹ ಸೋತಿತೆಂದೇ ಅಂದು ಹೇಳಬಹುದಾಗಿತ್ತು. ಆದರೆ 1952ರ ಚುನಾವಣೆಯಲ್ಲಿ ಶಾಂತವೇರಿ ಗೋಪಾಲಗೌಡರು ಆ ಕ್ಷೇತ್ರದಿಂದ ಗೆದ್ದು, ಗದ್ದೆಯ ಪ್ರಶ್ನೆಯನ್ನು ಶಾಸನಸಭೆಗೆ ಕೊಂಡೊಯ್ದರು. ಮುಂದೆ 1961ರ ಭೂಸುಧಾರಣಾ ಕಾಯಿದೆಯೂ, ದೇವರಾಜ ಅರಸರ ಕಾಲದಲ್ಲಿ ಅದಕ್ಕೆ ಬಂದು 1974ರ ಮಾರ್ಚ್ 1ರಿಂದ ಜಾರಿಯಾದ ತಿದ್ದುಪಡಿಯೂ ಗೇಣಿಪದ್ಧತಿಯನ್ನೇ ತೊಡೆದುಹಾಕಿದವು. ನಮೂನೆ 7ರಲ್ಲಿ ಅರ್ಜಿ ಬರೆದುಕೊಡುವ ಹಕ್ಕು, ಸತ್ಯಾಗ್ರಹವನ್ನೇ ಕಾಣದ ಊರುಗಳ ಗೇಣಿದಾರರಿಗೂ ದೊರೆಯಿತು. ಇಷ್ಟಕ್ಕೂ ಕಾಗೋಡೊಂದೇ ಕಾರಣವೆಂದು ನಾವು ಹೇಳುವುದಿಲ್ಲ. ಆದರೆ ನಡುವೆ ಕಳೆದ 23 ವರ್ಷಗಳನ್ನು ಮರೆತು ಶಾಂತಿಯುತ ಮಾರ್ಗವನ್ನು ಹೊಗಳುವುದೂ ಸರಿಯಲ್ಲ. ಕಾಯುವ ಕಷ್ಟ ಹೊಗಳುವವರದಲ್ಲ. ಅಲ್ಲದೆ ಕಾಯಿದೆಯಿಂದ ಲಾಭ ಪಡೆದವನು ಗೇಣಿದಾರ. ಗೇಣಿಯ ಹಕ್ಕೂ ಇಲ್ಲದೆ ಕೂಲಿಗೆ ದುಡಿಯುತ್ತಿದ್ದವನಿಗೆ, ಎಂದರೆ ಹೆಚ್ಚಿನೆಡೆ ದಲಿತನಿಗೆ, ಅದರಿಂದ ದೊರೆತುದು ಅತ್ಯಲ್ಪ.

ಆ ದಲಿತರ ಸಂಘಟನೆ ಬಲಗೊಂಡುದು ಒಂದು ಗಲಭೆಯ ಬೆನ್ನಿಗೆ. ಮಲ ಹೊರುವ ಪದ್ಧತಿಯನ್ನು ನಿಲ್ಲಿಸಲು ಕ್ರಮ ಕೈಗೊಂಡ ಸಚಿವ ಬಿ. ಬಸವಲಿಂಗಪ್ಪನವರು, 1973ರ ನವೆಂಬರ್‌ನಲ್ಲಿ ಮೈಸೂರಿನ ಸಭೆಯೊಂದರಲ್ಲಿ ಕನ್ನಡ ಸಾಹಿತ್ಯದ ಬಹುಭಾಗ ಬೂಸಾ ಎಂಬರ್ಥದ ಮಾತನ್ನಾಡಿದರು. ದನಕ್ಕೆ ಹಾಕುವ ಬೂಸಾದ ಹೋಲಿಕೆ ಅನೇಕರನ್ನು ನೋಯಿಸಿತೆಂಬುದು ಸಹಜವೇ. ಆದರೆ ವಿದ್ಯಾರ್ಥಿಗಳ ಪ್ರತಿಭಟನೆ ಹಲವೆಡೆ ದಲಿತ ವಿದ್ಯಾರ್ಥಿಗಳ ಮೇಲಿನ ಹಲ್ಲೆಯಾಗಿ ತಿರುಗಿದುದು ಸಾಹಿತ್ಯಾಭಿಮಾನದಿಂದಲ್ಲ. ಸಚಿವರು ಪದವಿ ಬಿಟ್ಟರು. ಇಲ್ಲಿ ಗಲಭೆ ಎಬ್ಬಿಸಿದವರು ಸಮಾನತೆಯನ್ನು ಬೇಡುತ್ತಿದ್ದವರಲ್ಲ ಎಂಬುದನ್ನು ವಾಚಕರು ಗಮನಿಸಬೇಕು. ಏಟು ತಿಂದ ತರುಣರು ಒಂದುಗೂಡಿದರು. ನಮ್ಮ ನೆರೆಯ ಹರಿಹರದಲ್ಲಿ ಹುಟ್ಟಿ ಭದ್ರಾವತಿಯಲ್ಲಿ ಕನ್ನಡ ಅಧ್ಯಾಪಕರಾಗಿದ್ದ ಬಿ. ಕೃಷ್ಣಪ್ಪನವರ ಮುಂದಾಳುತನದಲ್ಲಿ ದಲಿತ ಸಂಘರ್ಷ ಸಮಿತಿ ಬೆಳೆದು ನಿಂತಿತು. ಗಲಭೆ ತಾನಾಗಿ ಏನನ್ನೂ ಕೊಡಲಿಲ್ಲ. ಅದರ ಪಾಠವನ್ನು ಕೂಡಿಸಿಕೊಂಡು ನಡೆಯಬಲ್ಲವರಿದ್ದರು.

ಅಮೆರಿಕೆಯಲ್ಲಿಯೂ 1963ರಲ್ಲಿ ಬರ್ಮಿಂಗ್‌ಹ್ಯಾಮಿನ ಮೆರವಣಿಗೆಯವರ ಮೇಲೆ ಪೊಲೀಸರು ನಾಯಿಗಳನ್ನು ಛೂಬಿಟ್ಟ ಚಿತ್ರಗಳೇ 1964ರ ನಾಗರಿಕ ಹಕ್ಕುಗಳ ಕಾಯಿದೆಗೆ ದಾರಿಯನ್ನು ಹದಮಾಡಿದವು. ಅಲ್ಲಿಯೂ ಹಿಂಸೆ ಎದುರು ಪಕ್ಷದ್ದು. ಇದಕ್ಕೆ ಒಗ್ಗದ ನಿದರ್ಶನವೂ ಉಂಟು; ಅದನ್ನು ಮುಚ್ಚಿಡುವುದು ಚರಿತ್ರಕಾರನಿಗೆ ತಕ್ಕುದಲ್ಲ. 1968ರ ಏಪ್ರಿಲ್ 4ರಂದು ಕಿಂಗರ ಕೊಲೆಯಾಗಿ ನೂರಕ್ಕೂ ಮಿಕ್ಕ ನಗರಗಳಲ್ಲಿ ದೊಂಬಿಗಳೆದ್ದವು. ಬಹುದಿನಗಳಿಂದ ನೆನೆಗುದಿಗೆ ಬಿದ್ದಿದ್ದ, ಮನೆಗಳ ಮಾರಾಟ ಬಾಡಿಗೆಗಳಲ್ಲಿ ವರ್ಣಭೇದವನ್ನು ನಿಷೇಧಿಸುವ ಮಸೂದೆಗೆ ಏಪ್ರಿಲ್ 11ರಂದೇ ಅಧ್ಯಕ್ಷರ ಸಹಿ ಬಿದ್ದಿತು. ಆ ದೊಂಬಿಗಳಿಂದ ಏನೂ ಆಗಲಿಲ್ಲವೆನ್ನುವುದು ಹೀಗಾಗಿ ಕಷ್ಟ. ಅದೇ ನವೆಂಬರ್‌ನಲ್ಲಿ ಶಾಂತಿ ಸುವ್ಯವಸ್ಥೆಯ ಹೆಸರು ಹೇಳಿ ನಿಕ್ಸನ್ ಗೆದ್ದರು. ದೊಂಬಿಗಳು ಬಿಳಿಯರ ಮತಗಳನ್ನು ಅತ್ತ ತಿರುಗಿಸಿದವೆಂದು ಒಮರ್ ವಾಸೊ ಎಂಬ ವಿದ್ವಾಂಸರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಾದಿಸಿದ್ದಾರೆ. ಒಂದು ವಾರದಲ್ಲಿ ದೊರೆತ ಕಾಯಿದೆಯನ್ನು ನಡೆಯಿಸಬೇಕಾದ ಹೊಣೆ ಹೀಗೆ ಮುಂದಿನ ವರ್ಷ ಬೇರೊಂದು ಸರಕಾರದ ಕೈಗೆ ಹೋಯಿತು.