ಕೆಂಪು ಕಣ್ಣು: ಎಲ್ಲವೂ ‘ಮದ್ರಾಸ್ ಐ’ ಅಲ್ಲ

2023ರ ಜುಲೈ-ಆಗಸ್ಟ್‌ನಲ್ಲಿ ರಾಜ್ಯದಲ್ಲಿ ‘ಮದ್ರಾಸ್ ಐ’ ಹಬ್ಬಿದ್ದು ನೆನಪಿರಬಹುದು. ಕಣ್ಣಿಗೆ ಕಣ್ಣು ಕೊಟ್ಟರೆ ಅದು ಅಂಟುವುದಿಲ್ಲ. ಅಂಟುವುದು ಕೈ, ಟವೆಲ್, ದಿಂಬು, ಸುರ್ಮಾ ಕಡ್ಡಿಯಿಂದ. ಅದಕ್ಕೇ ಜಕ್ಕೂರಿನ ನಮ್ಮ ಮದ್ರಸದಲ್ಲಿ ವುಳೂ ಮಾಡಿದ ಮಕ್ಕಳಿಗೆಲ್ಲ ಒಂದೇ ಟವೆಲ್ ಇಡುವುದಿಲ್ಲ. ವೈರಸ್‌ನಿಂದ ಬಂದದ್ದು ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ತಾನಾಗಿಯೇ ವಾಸಿಯಾಗುತ್ತದೆ.

ಆದರೆ ಕಣ್ಣೊಳಗೆ ನೋವು ಇದ್ದರೆ, ಬೆಳಕು ತಡೆಯಲಾಗದಿದ್ದರೆ, ಮಂಜುಮಂಜಾಗಿ ಕಂಡರೆ ಕಾಯಬೇಡಿ. ಅದು ಒಳಗಿನ ಉರಿಯೂತ ‘ಯೂವಿಯೈಟಿಸ್’ ಆಗಿರಬಹುದು. ತಡವಾದರೆ ದೃಷ್ಟಿಗೇ ಕುತ್ತು. ಅಂದೇ ಕಣ್ಣಿನ ವೈದ್ಯರಲ್ಲಿಗೆ, ಇಲ್ಲವೇ ಬೆಂಗಳೂರಿನ ಸರ್ಕಾರಿ ಮಿಂಟೋ ಆಸ್ಪತ್ರೆಗೆ ಹೋಗಿ. ಮನೆಯಲ್ಲಿ ಉಳಿದ ಸ್ಟೀರಾಯ್ಡ್ ಡ್ರಾಪ್ಸ್ ಮಾತ್ರ ಹಾಕಲೇಬೇಡಿ. ಯೂವಿಯೈಟಿಸ್‌ಗೆ ವೈದ್ಯರು ಕೊಡುವ ಮದ್ದೇ ಅದು. ಸೋಂಕಾದ ಕಣ್ಣಿಗೆ ಬಿದ್ದರೆ ಕೇಡಾಗಬಹುದು.