ತೂಗುವ ಮರದ ಕೆಳಗೆ ಬಸ್ಸಿಗೆ ಕಾಯುವವರು

ಸಾಗರ, ಹೊಸನಗರ ಕಡೆ ಮಳೆಗಾಲದಲ್ಲಿ ಇದು ಮಾಮೂಲು. ಒಣಗಿದ ಅಕೇಶಿಯಾ ಬುಡ ಮುರಿದು, ಪಕ್ಕದ ಮಾವಿನ ಕವಲಿಗೆ ಸಿಕ್ಕಿಕೊಂಡು ನಿಂತಿರುತ್ತದೆ. 'ಬಿದ್ದಿಲ್ಲವಲ್ಲ, ಬಿಡ್ರೀ' ಎಂದು ಜನ ಅದರಡಿಯೇ ಬಸ್ಸಿಗೆ ಕಾಯುತ್ತಾರೆ. ಸ್ವಾಮಿ, ನೆಲಕ್ಕೆ ಬಿದ್ದ ಮರಕ್ಕಿಂತ ಇದೇ ಅಪಾಯ. ಗಾಳಿ ಇಲ್ಲದೆಯೂ ಜಾರೀತು.

ಕೆಲವರು ಆಧಾರ ಕೊಟ್ಟ ಮಾವನ್ನೇ ಕಡಿಯಲು ಹೋಗುತ್ತಾರೆ. ಕಡಿಯುವವನ ತಲೆ ಮೇಲೆ ಎರಡೂ ಬಂದಾವು! ಹತ್ತಿ ಕುಲುಕುವುದೂ ಬೇಡ, ಒಣಕೊಂಬೆ ಲಟಕ್ಕನೆ ಮುರಿಯುತ್ತದೆ. ಪಳಗಿದವರು ಮೊದಲು ಕರೆಂಟ್ ತೆಗೆಸಿ, ರಸ್ತೆ ತಡೆದು, ಮುರಿದ ಬುಡಕ್ಕೆ ಮರಕ್ಕಿಂತ ಉದ್ದನೆಯ ಹಗ್ಗ ಬಿಗಿದು ದೂರದಿಂದ ಹಿಂದಕ್ಕೆ ಎಳೆಯುತ್ತಾರೆ. ಬುಡ ಸರಿದಂತೆ ತಲೆ ಇಳಿಯುತ್ತದೆ.

ಸ್ವಂತ ಜಾಗದ ಮರವಾದರೆ ಅರ್ಜಿಗೆ ಹಿಂಜರಿಯಬೇಡಿ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ಸತ್ತ ಮರ ಕಡಿಯಲು ಅನುಮತಿ ನಿರಾಕರಿಸುವಂತಿಲ್ಲ. ರಸ್ತೆ ಬದಿಯದಾದರೆ ಅರಣ್ಯ ಇಲಾಖೆಗೆ ತಿಳಿಸಿ. ಅವರು ಬರುವ ತನಕ ಅಂಗಡಿಯವರು ಬೆಂಚನ್ನು ಎರಡು ಮರದುದ್ದ ಆಚೆಗೆ ಎಳೆದಿಡಲಿ.