ಯಾರ ಕೈಗೆ ಯಾವ ಡಬ್ಬಿ

ಬೆಳಗಿನ ಏಳು ಗಂಟೆಗೆ ಅಕ್ಕನ ಅಡುಗೆಮನೆಯಲ್ಲಿ ನಾಲ್ಕು ಜನಕ್ಕೆ ಕೆಲಸವಿರುತ್ತದೆ, ಜಾಗ ಇರುವುದು ಒಬ್ಬರಿಗೆ. ಬೆಂಗಳೂರಿನ ಹನುಮಂತನಗರದಲ್ಲಿ 20–30ರ ಸೈಟಿನ ಮೇಲೆ ಎದ್ದ ಮೂರಂತಸ್ತಿನ ಕಟ್ಟಡ, ಅದರ ಮೊದಲ ಮಹಡಿಯ ಬಾಡಿಗೆ ಮನೆ. ಅಡುಗೆಮನೆ 6 ಅಡಿ ಅಗಲ, 8 ಅಡಿ ಉದ್ದ. ಬಾಗಿಲು ಒಳಕ್ಕೆ ತೆರೆಯುತ್ತದೆ, ತೆರೆದರೆ ಒಂದು ಮೂಲೆ ಅದರ ಪಾಲು. ಕಿಟಕಿಯ ಕೆಳಗೆ ಕಡಪ ಕಲ್ಲಿನ ಕಟ್ಟೆ. ಅದರ ಒಂದು ತುದಿಗೆ ಸಿಂಕು, ಇನ್ನೊಂದು ತುದಿಗೆ ಗ್ಯಾಸ್ ಸ್ಟವ್ವು. ನಡುವೆ ಉಳಿದ ಅಷ್ಟಗಲದಲ್ಲಿ ಮಿಕ್ಸಿ, ನೀರಿನ ಫಿಲ್ಟರ್, ರಾತ್ರಿ ತೊಳೆದು ಬೋರಲು ಹಾಕಿದ ಪಾತ್ರೆಗಳ ಬುಟ್ಟಿ. ತರಕಾರಿ ಹೆಚ್ಚುವ ಮಣೆಗೆ ಜಾಗವೇ ಇಲ್ಲ. ಸಿಂಕಿನ ಅಂಚಿಗೆ ಅದನ್ನು ಅಡ್ಡ ಇಟ್ಟು, ಎಡಗೈಯಲ್ಲಿ ಒತ್ತಿ ಹಿಡಿದು ಅಕ್ಕ ಹುರುಳಿಕಾಯಿ ಹೆಚ್ಚುತ್ತಾಳೆ. ಮಣೆ ಜಾರಿದರೆ ಅರ್ಧ ಕಾಯಿ ನೀರುಪಾಲು.

ಕುಕ್ಕರ್ ಎರಡನೇ ಸಲ ಕೂಗುವ ಹೊತ್ತಿಗೆ ಮನೆಯ ಮೂಲೆಮೂಲೆಯಿಂದ ಪ್ರಶ್ನೆಗಳು ಶುರುವಾಗುತ್ತವೆ. "ಅಮ್ಮಾ, ನನ್ನ ಟಿಫನ್ ಬಾಕ್ಸ್ ಮುಚ್ಚಳ ಸಿಗ್ತಿಲ್ಲ." "ಏನೇ, ಸಕ್ಕರೆ ಎಲ್ಲಿಟ್ಟೆ?" "ಇಂಗಿನ ಡಬ್ಬಿ ಇಲ್ಲೇ ಇತ್ತಲ್ಲಮ್ಮ, ಯಾರು ತೆಗೆದ್ರು?" ಏಳೂ ಮುಕ್ಕಾಲಿಗೆ ಶಾಲೆಯ ವ್ಯಾನು, ಎಂಟೂಕಾಲಿಗೆ ಅಕ್ಕನ ಬಸ್ಸು. ಅವಳು ತಿರುಗಿಯೂ ನೋಡದೆ ಉತ್ತರ ಕೊಡುತ್ತಾಳೆ: "ಮೇಲಿನ ಶೆಲ್ಫು, ಅವಲಕ್ಕಿ ಡಬ್ಬಿ ಹಿಂದೆ." "ಫ್ರಿಜ್ ಮೇಲೆ ಸ್ಟೀಲ್ ಡಬ್ಬಿ ಇದೆ ನೋಡಿ, ಅದರೊಳಗೆ." ಉತ್ತರ ಕೊಟ್ಟರೂ ಸಿಗುವುದಿಲ್ಲ. ಕೊನೆಗೆ ಒಗ್ಗರಣೆಯ ಸೌಟನ್ನು ಹಾಗೇ ಬಿಟ್ಟು ಅವಳೇ ಬಂದು ತೆಗೆದುಕೊಡಬೇಕು. ಸಾಸಿವೆ ಸೀಯುವುದು ಆಗಲೇ.

ಆ ಅಡುಗೆಮನೆಯ ನಕ್ಷೆ ಇದ್ದದ್ದು ಅಕ್ಕನ ತಲೆಯೊಳಗೆ ಮಾತ್ರ. ಸಾಮಾನು ಎಲ್ಲಿದೆ ಎಂದು ಗೊತ್ತಿದ್ದವಳು ಒಬ್ಬಳೇ ಆದ್ದರಿಂದ ಕೆಲಸವೂ ಅವಳೊಬ್ಬಳದೇ ಆಗಿತ್ತು. ಭಾವ ಸೋಮಾರಿಯಲ್ಲ, ಮಕ್ಕಳು ಹಟಮಾರಿಗಳೂ ಅಲ್ಲ. ಕಾಫಿ ಬೆರೆಸಿಕೊಳ್ಳಲು ಹೋದವನು ಮೂರು ಡಬ್ಬಿ ತೆಗೆದು ನೋಡಿ, ನಾಲ್ಕನೆಯದರಲ್ಲೂ ಸಕ್ಕರೆ ಸಿಗದಿದ್ದರೆ ಹಜಾರಕ್ಕೆ ಹೋಗಿ ಕೂರುತ್ತಾನೆ, ಅಷ್ಟೇ. ಕೇಂದ್ರ ಸರ್ಕಾರ 2019ರಲ್ಲಿ ದೇಶದಾದ್ಯಂತ ನಡೆಸಿದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಅದರಲ್ಲೇ ಕಳೆಯುತ್ತಿದ್ದರು, ಗಂಡಸರು 97 ನಿಮಿಷ. ಆ ಕೆಲಸಕ್ಕೆ ಕೈಹಾಕುತ್ತಿದ್ದ ಗಂಡಸರೇ ನೂರಕ್ಕೆ 26ರಷ್ಟು. ಜೀರಿಗೆ ಮುಗಿಯುತ್ತ ಬಂತು, ಹೆಪ್ಪಿಗೆ ಮೊಸರು ಉಳಿಸಬೇಕು, ಚಿಕ್ಕವನ ನೀರಿನ ಬಾಟಲಿ ಸೋರುತ್ತಿದೆ ಎಂದೆಲ್ಲ ನೆನಪಿಟ್ಟುಕೊಳ್ಳುವ ಕೆಲಸಕ್ಕೆ ಎಷ್ಟು ನಿಮಿಷ ಎಂದು ಅಳೆಯುವುದು ಹೇಗೆ?

ದಸರಾ ರಜೆಯ ಒಂದು ಭಾನುವಾರ ಅಡುಗೆಮನೆಯನ್ನು ಪೂರ್ತಿ ಬರಿದು ಮಾಡಿದೆವು. ಹಬ್ಬಕ್ಕೆ ಮುಂಚೆ ಪಾತ್ರೆ ಬೆಳಗಿ, ಡಬ್ಬಿ ತೊಳೆದು, ಶೆಲ್ಫಿಗೆ ಹೊಸ ಪೇಪರ್ ಹಾಸಿ ಮತ್ತೆ ಎಲ್ಲವನ್ನೂ ಇದ್ದಲ್ಲೇ ಇಡುವುದು ಎಲ್ಲ ಮನೆಗಳಲ್ಲೂ ನಡೆದು ಬಂದದ್ದು. ಈ ಸಲ ಇದ್ದಲ್ಲೇ ಇಡಬಾರದು ಎಂದು ಅಕ್ಕ ಮೊದಲೇ ಹೇಳಿಬಿಟ್ಟಿದ್ದಳು. ಹಜಾರದಲ್ಲಿ ಹಳೆಯ ಬೆಡ್‌ಶೀಟು ಹಾಸಿ ಒಂದೊಂದೇ ತಂದಿಟ್ಟೆವು. ಬೆಡ್‌ಶೀಟು ಸಾಲದೆ ಇನ್ನೊಂದು ಹಾಸಿದೆವು. ಸೋಫಾದ ಮೇಲೆ ಬಾಣಲೆಗಳು, ಟೀವಿಯ ಮುಂದೆ ಇಡ್ಲಿ ಪಾತ್ರೆ, ಅದರ ಪಕ್ಕ ಪಡ್ಡಿನ ಹಂಚು. ಅಟ್ಟದಿಂದ ಭಾವ ಏಣಿ ಹತ್ತಿ ಇಳಿಸಿದ್ದು ಹಿತ್ತಾಳೆಯ ಚಕ್ಕುಲಿ ಒರಳು, ಮರದ ಶಾವಿಗೆ ಒರಳು, ಮೊರ, ಹೂವಿನ ಬಾರ್ಡರಿನ ಡಿನ್ನರ್ ಸೆಟ್ಟು. ಆ ಸೆಟ್ಟಿನ ಮೇಲೆ ಮದುವೆಯಲ್ಲಿ ಕೊಟ್ಟವರ ಹೆಸರು ಬರೆದ ಕಾಗದ ಇನ್ನೂ ಹಾಗೇ ಅಂಟಿತ್ತು. ಕಟ್ಟೆಯ ಕೆಳಗಿನಿಂದ ಬಂದದ್ದು ಹೋಟೆಲ್ ಪಾರ್ಸೆಲ್ಲಿನ ಪ್ಲಾಸ್ಟಿಕ್ ಡಬ್ಬಿಗಳ ಗೋಪುರ. ಡಬ್ಬಿಯಿಲ್ಲದ ಮುಚ್ಚಳಗಳು ಒಂದು ಚೀಲ, ಮುಚ್ಚಳವಿಲ್ಲದ ಡಬ್ಬಿಗಳು ಇನ್ನೊಂದು ಚೀಲ. ಹುಳ ಬಿದ್ದ ರವೆ, ಗಟ್ಟಿಯಾಗಿ ಕಲ್ಲಾದ ಹುಣಸೆಹಣ್ಣು, ಯಾರೋ ಊರಿಂದ ತಂದುಕೊಟ್ಟು ಮರೆತೇ ಹೋಗಿದ್ದ ಹಪ್ಪಳದ ಕಟ್ಟು. ಮೂರು ಪಾಕೀಟು ಕೊತ್ತಂಬರಿ ಬೀಜ ಸಿಕ್ಕಿತು, ಮೂರೂ ಒಡೆದದ್ದು. ಒಂದು ಕಾಣದಿದ್ದಾಗ ಇನ್ನೊಂದು ತಂದಿದ್ದಾರೆ.

ಬಿಸಾಡುವ ಕೆಲಸ ಬೇಗ ಮುಗಿಯಿತು. ಪ್ಲಾಸ್ಟಿಕ್ಕು ಹೋಯಿತು, ಒಡಕು ಬಟ್ಟಲುಗಳು ಹೋದವು. ಡಿನ್ನರ್ ಸೆಟ್ಟನ್ನು ಅಟ್ಟದ ಪೆಟ್ಟಿಗೆಗೆ ಸೇರಿಸುವ ಬದಲು ದಿನದ ಬಳಕೆಗೆ ಇಳಿಸಬೇಕು ಎಂದು ದೊಡ್ಡ ಮಗಳು ಹಟ ಹಿಡಿದು ಗೆದ್ದಳು. ಅದು ನನಗೂ ಇಷ್ಟವಾಯಿತು. ಒಳ್ಳೆಯ ತಟ್ಟೆಯನ್ನು ಬಾರದ ಅತಿಥಿಗಾಗಿ ಕಾಯಿಸಿ, ಮನೆಮಂದಿ ಸೊಟ್ಟ ತಟ್ಟೆಯಲ್ಲಿ ಉಣ್ಣುವುದು ಯಾಕೆ?

ಮಾತು ನಿಂತದ್ದು ಅತ್ತೆಯವರ ಡಬ್ಬಿಗಳ ಹತ್ತಿರ. ಅಕ್ಕನ ಅತ್ತೆ ತಿಪಟೂರು ಕಡೆಯವರು. ಒಂದು ಕಣ್ಣಿನ ಪೊರೆ ತೆಗೆಸಿದ್ದಾರೆ, ಇನ್ನೊಂದು ಕಣ್ಣು ಮಂಜು. ಅಕ್ಕ ಆಫೀಸಿಗೆ ಹೋದ ಮೇಲೆ ಮಧ್ಯಾಹ್ನದ ಸಾರು, ಸಂಜೆ ಮಕ್ಕಳಿಗೆ ಏನಾದರೂ ತಿಂಡಿ ಅವರದೇ. ಅವರ ಬೇಳೆಕಾಳು, ಪುಡಿಗಳೆಲ್ಲ ಹಳೆಯ ಹಾರ್ಲಿಕ್ಸ್ ಬಾಟಲಿ, ಬೋರ್ನ್‌ವಿಟಾ ಡಬ್ಬ, ತುಪ್ಪದ ಟಿನ್ನು, ಯಾವುದೋ ಸಿಹಿತಿಂಡಿಯ ಚೌಕದ ಡಬ್ಬಿಗಳಲ್ಲಿ. ಎತ್ತರ ಒಂದಕ್ಕೊಂದು ಹೊಂದುವುದಿಲ್ಲ, ಒಂದರ ಮೇಲೊಂದು ನಿಲ್ಲುವುದಿಲ್ಲ. ಅಕ್ಕ ಒಂದೇ ಅಳತೆಯ ಪಾರದರ್ಶಕ ಡಬ್ಬಿಗಳ ಸೆಟ್ಟು ತಂದಿದ್ದಳು, ಒತ್ತಾಗಿ ಜೋಡಿಸಿದರೆ ಅರ್ಧ ಶೆಲ್ಫು ಉಳಿಯುವಂಥದ್ದು. ಅತ್ತೆ ಅದರಲ್ಲೊಂದನ್ನು ಕೈಗೆ ತೆಗೆದುಕೊಂಡು ತಿರುಗಿಸಿ ತಿರುಗಿಸಿ ನೋಡಿದರು.

"ಚೆನ್ನಾಗಿದೆಯಮ್ಮ. ಆದ್ರೆ ಎಲ್ಲಾ ಒಂದೇ ಥರ ಇದ್ರೆ ಯಾವುದು ಏನು ಅಂತ ನನಗೆ ಹೇಗೆ ಗೊತ್ತಾಗ್ಬೇಕು?"

"ಒಳಗಡೆ ಕಾಣುತ್ತಲ್ಲ ಅತ್ತೆ."

"ನಿನಗೆ ಕಾಣುತ್ತೆ."

ಆಮೇಲೆ ಅವರು ಕುರ್ಚಿಯಲ್ಲಿ ಕೂತೇ ತೋರಿಸಿಕೊಟ್ಟರು. ಹಾರ್ಲಿಕ್ಸ್ ಬಾಟಲಿ ಮುಟ್ಟಿದರೆ ತೊಗರಿಬೇಳೆ. ಮುಚ್ಚಳ ಸ್ವಲ್ಪ ನೆಗ್ಗಿದ ತುಪ್ಪದ ಟಿನ್ನು ಹುಳಿಪುಡಿ. ಚೌಕದ ಡಬ್ಬಿ ಅಲ್ಲಾಡಿಸಿದರೆ ಹುರಿಗಡಲೆಯ ಸದ್ದು ಬೇರೆ, ಕಡಲೆಬೇಳೆಯ ಸದ್ದು ಬೇರೆ. ಮೆಂತ್ಯಹಿಟ್ಟಿನದು ಅಲ್ಲಾಡಿಸಿದರೂ ಸದ್ದಿಲ್ಲ, ಎತ್ತಿದರೆ ಹಗುರ. ಕಣ್ಣು ಕೈಕೊಟ್ಟ ಮೇಲೂ ಅವರು ಒಂದು ಚಿಟಿಕೆ ತಪ್ಪದೆ ಸಾರು ಮಾಡುತ್ತಿದ್ದದ್ದು ಹೀಗೆ. ಆ ಡಬ್ಬಿಗಳನ್ನು ತೆಗೆದಿದ್ದರೆ ಅವರು ತಮ್ಮದೇ ಅಡುಗೆಮನೆಯಲ್ಲಿ ಉಪ್ಪೆಲ್ಲಿ ಎಂದು ಮೊಮ್ಮಗನನ್ನು ಕೇಳುವಂತಾಗುತ್ತಿತ್ತು. ನೀಟಾಗಿ ಕಾಣುವುದಕ್ಕಾಗಿ ಒಬ್ಬರ ಕೈಯ ಅರಿವನ್ನು ಕಿತ್ತುಕೊಳ್ಳುವುದು ಅನ್ಯಾಯ ಎಂದೇ ನಾನು ನಂಬುತ್ತೇನೆ. ಅಕ್ಕ ಎರಡನೇ ಮಾತಾಡಲಿಲ್ಲ. ಒಲೆಯ ಎಡಕ್ಕೆ, ಎದೆಯೆತ್ತರದ ಶೆಲ್ಫು ಅತ್ತೆಯದು, ಅದರೊಳಗಿನ ಒಂದು ಡಬ್ಬಿಯನ್ನೂ ಯಾರೂ ಸರಿಸಬಾರದು ಎಂದು ಅಲ್ಲೇ ತೀರ್ಮಾನವಾಯಿತು.

ಸಂಜೆ ಭಾವ ಮಾಡ್ಯುಲರ್ ಕಿಚನ್ ಅಂಗಡಿಯ ಬಣ್ಣದ ಪುಸ್ತಿಕೆ ತೆರೆದು ಕೂತರು. ಬಾಡಿಗೆ ಮನೆಗೆ ಅಷ್ಟು ದುಡ್ಡು ಸುರಿಯುವುದು ಆಗದ ಮಾತು ಎಂದು ಗೊತ್ತಿದ್ದೂ ಚಿತ್ರ ನೋಡಲು ಖುಷಿ. ಅದರಲ್ಲಿರುವ ಖಾನೆಗಳು, ಎಳೆಯುವ ಡ್ರಾಯರುಗಳಿಗೆಲ್ಲ ಮೂಲ ಎನ್ನಬಹುದಾದ ಅಡುಗೆಮನೆಯೊಂದಿದೆ. ಆಸ್ಟ್ರಿಯಾದ ವಾಸ್ತುಶಿಲ್ಪಿ ಮಾರ್ಗರೆಟೆ ಶುಟ್ಟೆ-ಲಿಹೊಟ್ಸ್ಕಿ 1926ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟಿನ ವಸತಿ ಯೋಜನೆಗಾಗಿ ಅದನ್ನು ರೂಪಿಸಿದರು. ಸುಮಾರು 10,000 ಮನೆಗಳಲ್ಲಿ ಅದು ಬಂತು. ಅಳತೆ 1.9 ಮೀಟರ್‌ಗೆ 3.4 ಮೀಟರ್, ಅಂದರೆ ಅಗಲ ಹೆಚ್ಚುಕಡಿಮೆ ಅಕ್ಕನ ಅಡುಗೆಮನೆಯಷ್ಟೇ. ರೈಲಿನ ಊಟದ ಬೋಗಿಯ ಪುಟ್ಟ ಅಡುಗೆಕೋಣೆ ಅವರಿಗೆ ಮಾದರಿಯಾಗಿತ್ತು. ಒಂದೊಂದು ಕೆಲಸಕ್ಕೆ ಎಷ್ಟು ಹೆಜ್ಜೆ, ಎಷ್ಟು ಹೊತ್ತು ಎಂದು ಲೆಕ್ಕ ಹಾಕಿ, ಅಕ್ಕಿ, ಸಕ್ಕರೆಗಳಿಗೆ ಹೆಸರು ಕೆತ್ತಿದ ಅಲ್ಯೂಮಿನಿಯಂ ಖಾನೆಗಳನ್ನು ಕೈಯಳತೆಯಲ್ಲಿ ಇಟ್ಟರು. ಹಿಟ್ಟಿನ ಡ್ರಾಯರನ್ನು ಮಾತ್ರ ಓಕ್ ಮರದಲ್ಲಿ ಮಾಡಿಸಿದರು, ಹುಳ ಆಗದಿರಲಿ ಎಂದು. ಬೇವಿನ ಎಲೆ ಒಣಗಿಸಿ ಅಕ್ಕಿಗೆ ಹಾಕುವ ನಮ್ಮ ಅಜ್ಜಿಯರಿಗೆ ಆ ಎಚ್ಚರ ಚೆನ್ನಾಗಿ ಅರ್ಥವಾಗುತ್ತಿತ್ತು.

ಅಷ್ಟೆಲ್ಲ ಯೋಚಿಸಿ ಕಟ್ಟಿದ್ದರಲ್ಲೂ ಒಂದು ಕೊರತೆ ಉಳಿಯಿತು, ಮುಂದೆ ಟೀಕೆಯೂ ಬಂತು: ಅದು ಒಬ್ಬಳೇ ಹೆಂಗಸಿಗೆ ಹೊಂದಿಸಿದ ಜಾಗ. ಇನ್ನೊಬ್ಬರು ಒಳಗೆ ಬಂದರೆ ತಿರುಗಲು ಎಡೆಯಿಲ್ಲ. ಹೆಜ್ಜೆ ಕಡಿಮೆಯಾಯಿತು, ಆದರೆ ಹೆಜ್ಜೆ ಹಾಕುವವಳು ಬದಲಾಗಲಿಲ್ಲ. ಅಕ್ಕನ ಮನೆಯಲ್ಲಿ ನಾವು ಬೇರೆ ಲೆಕ್ಕ ಹಿಡಿಯಬೇಕಿತ್ತು. ಯಾರ ಕೈಗೆ ಏನು ಎಟುಕಿದರೆ ಯಾರು ಯಾವ ಕೆಲಸ ತಾವೇ ಮಾಡಿಕೊಂಡಾರು?

ಕಾಫಿ ಬಾಗಿಲ ಬಳಿಗೆ ಬಂತು. ಫ್ರಿಜ್ಜಿನ ಪಕ್ಕದ ಚಿಕ್ಕ ಹಲಗೆಯ ಮೇಲೆ ಫಿಲ್ಟರು, ಕಾಫಿಪುಡಿ, ಸಕ್ಕರೆ, ಲೋಟಗಳು. ಹಾಲು ಕಾಯಿಸಲು ಒಂದು ಎಲೆಕ್ಟ್ರಿಕ್ ಕೆಟಲ್ಲು. ಮೊದಲು ಪುಡಿಯ ಡಬ್ಬಿ ಒಲೆಯ ಮೇಲಿನ ಶೆಲ್ಫಿನಲ್ಲಿತ್ತು, ಬಿಸಿಗೆ, ಹಬೆಗೆ ಘಮವೆಲ್ಲ ಹಾರಿಹೋಗುತ್ತಿತ್ತು. ಈಗ ಭಾವ ಬೆಳಗ್ಗೆ ಐದೂವರೆಗೆ ಎದ್ದು, ಒಲೆಯ ಹತ್ತಿರ ಸುಳಿಯದೆ, ಯಾರನ್ನೂ ಎಬ್ಬಿಸದೆ ಡಿಕಾಕ್ಷನ್ ಹಾಕುತ್ತಾರೆ. ಮೊದಲ ಲೋಟ ಅಮ್ಮನಿಗೆ, ಎರಡನೆಯದು ಅಕ್ಕನಿಗೆ. ಮಕ್ಕಳ ಟಿಫನ್ ಡಬ್ಬಿಗಳು ಮುಚ್ಚಳ ಹಾಕಿಕೊಂಡೇ ಕಟ್ಟೆಯ ಕೆಳಗಿನ ಬುಟ್ಟಿಗೆ ಇಳಿದವು, ಚಿಕ್ಕವನ ಮೊಣಕಾಲೆತ್ತರಕ್ಕೆ. ಅವನ ತಟ್ಟೆ, ಲೋಟ, ಚಮಚವೂ ಅಲ್ಲೇ. ತಟ್ಟೆ ಹಾಕುವುದು ತನ್ನ ಕೆಲಸ ಎಂದು ಅವನಿಗೆ ಯಾರೂ ಹೇಳಲಿಲ್ಲ. ಎಟುಕಿತು, ತೆಗೆದುಕೊಂಡ, ಐದು ತಟ್ಟೆ ಹಾಕಿದ.

ಕಟ್ಟೆಯ ಮೇಲೆ ಜಾಗ ಬಿಡಿಸಿದ್ದು ಪಾತ್ರೆ ಬುಟ್ಟಿ. ಸಿಂಕಿನ ಮೇಲೆ ಗೋಡೆಗೆ ಸ್ಟೀಲ್ ಸ್ಟ್ಯಾಂಡು ಹೊಡೆಸಿದ್ದರಿಂದ ನೀರು ನೇರ ಸಿಂಕಿಗೇ ಇಳಿಯುತ್ತದೆ, ಕೆಳಗೆ ಎರಡು ಮೊಳ ಕಲ್ಲು ಖಾಲಿ. ಮಣೆ ಈಗ ಕಲ್ಲಿನ ಮೇಲೆ ಕೂರುತ್ತದೆ. ಈರುಳ್ಳಿ, ಆಲೂಗಡ್ಡೆ ಒಂದೇ ಬುಟ್ಟಿಯಲ್ಲಿ ಕೊಳೆಯುತ್ತಿದ್ದವು. ಆಲೂಗಡ್ಡೆಯ ತೇವ ಈರುಳ್ಳಿಗೆ ಆಗದು, ಬೆಳಕು ಆಲೂಗಡ್ಡೆಗೆ ಆಗದು, ಹಸಿರು ತಿರುಗುತ್ತದೆ. ಈರುಳ್ಳಿ ಕಿಟಕಿಯ ಪಕ್ಕ ತೂಗಿತು, ಆಲೂಗಡ್ಡೆ ಕತ್ತಲ ಮೂಲೆಗೆ ಸರಿಯಿತು. ಹೊಸ ತೊಗರಿಬೇಳೆಗೆ ಅತ್ತೆ ಹರಳೆಣ್ಣೆ ಸವರಿ ಬಿಸಿಲಿಗೆ ಹಾಕಿದರು, ರವೆಯನ್ನು ತಂದ ದಿನವೇ ಹುರಿದಿಟ್ಟರು. ಈ ಕೆಲಸಗಳನ್ನು ಅವರು ಮಾಡುವಾಗ ದೊಡ್ಡವಳು ಪಕ್ಕದಲ್ಲಿ ನಿಂತು ನೋಡಿದಳು. ಮುಂದಿನ ಸಲ ಎಣ್ಣೆ ಸವರುವುದು ತನ್ನದು ಎಂದಿದ್ದಾಳೆ.

ಗ್ಯಾಸ್ ಸಿಲಿಂಡರಿನ ವಿಷಯದಲ್ಲಿ ಮಾತ್ರ ಚೌಕಾಶಿ ಮಾಡಲಿಲ್ಲ. ಅದನ್ನು ಮರೆಮಾಡಲು ಕಟ್ಟೆಯ ಕೆಳಗೆ ಪ್ಲೈವುಡ್ ಬಾಗಿಲು ಹಾಕಿಸುವ ಆಸೆ ಎಲ್ಲರಿಗೂ ಇತ್ತು. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲಮಟ್ಟದಲ್ಲೇ ನಿಲ್ಲುತ್ತದೆ. ಮುಚ್ಚಿದ ಖಾನೆಯಲ್ಲಿ ಅದು ತುಂಬಿಕೊಂಡರೆ ಒಂದು ಕಿಡಿ ಸಾಕು. ಹಾಗಾಗಿ 14.2 ಕಿಲೋದ ಕೆಂಪು ಸಿಲಿಂಡರು ಬಯಲಿಗೇ, ನೆಟ್ಟಗೆ, ಸುತ್ತ ಒಂದು ಚೀಲವೂ ಒತ್ತದಂತೆ ನಿಂತಿದೆ. ಚೆಂದ ಕಾಣುವುದಿಲ್ಲ, ಕಾಣಬೇಕಾಗಿಯೂ ಇಲ್ಲ.

ಎಲ್ಲವೂ ಇಟ್ಟ ಕಡೆಯೇ ನಿಂತಿದೆ ಎಂದಲ್ಲ. ಇಂಗಿನ ಡಬ್ಬಿ ಇನ್ನೂ ಊರು ಸುತ್ತುತ್ತದೆ, ತೆಗೆದವರು ತಮಗೆ ತೋಚಿದಲ್ಲಿ ಇಡುತ್ತಾರೆ. ಕೆಲಸದಾಕೆ ರಜೆ ಹಾಕಿದ ದಿನ ಸಿಂಕು ತುಂಬಿ ಪಾತ್ರೆಗಳು ಕಟ್ಟೆಗೆ ಹತ್ತುತ್ತವೆ. ಮಗಳ ಪರೀಕ್ಷೆ, ಅಕ್ಕನ ಆಫೀಸಿನ ಆಡಿಟ್ಟು ಒಟ್ಟಿಗೆ ಬಂದ ವಾರ ಮುಚ್ಚಳಗಳೆಲ್ಲ ಮತ್ತೆ ಒಂದು ಕಡೆ, ಡಬ್ಬಿಗಳು ಇನ್ನೊಂದು ಕಡೆ ಆದವು. ಆದರೆ ಆ ವಾರ ಅದನ್ನು ಜೋಡಿಸಲು ಅಕ್ಕನೇ ಬೇಕಾಗಲಿಲ್ಲ. ಶನಿವಾರ ಮಧ್ಯಾಹ್ನ ಚಿಕ್ಕವನೂ ಅಜ್ಜಿಯೂ ಕೂತು ಜೋಡಿಸಿದರು. ಅವನು ಬಣ್ಣ ಹೇಳಿದ, ಅವರು ಅಂಚು ಸವರಿ ಅಳತೆ ಹೇಳಿದರು. ಮೊನ್ನೆ ದೀಪಾವಳಿಗೆ ಚಕ್ಕುಲಿ ಒತ್ತಬೇಕೆಂದಾಗ ಭಾವ ಕೇಳದೆಯೇ ಏಣಿ ತಂದು ಒರಳು ಇಳಿಸಿಕೊಟ್ಟರು. ಮುಗಿದ ಮೇಲೆ ತೊಳೆದು ಒಣಗಿಸಿ ಅದೇ ಜಾಗಕ್ಕೆ ಏರಿಸಿದ್ದೂ ಅವರೇ.

ಈಗಿನ ಚರ್ಚೆ ಬಾಗಿಲಿನದು. ಒಳಕ್ಕೆ ತೆರೆಯುವ ಆ ಬಾಗಿಲನ್ನು ಕಳಚಿ ಮಹಡಿಯ ಮೇಲೆ ಎತ್ತಿಡಲು ಮನೆ ಮಾಲೀಕರು ಒಪ್ಪಿದ್ದಾರೆ. ಹಾಗಾದರೆ ಅದರ ಹಿಂದಿನ ಮೂಲೆ ಖಾಲಿಯಾಗುತ್ತದೆ. ಅತ್ತೆಗೆ ಅಲ್ಲಿ ಗ್ರೈಂಡರು ಬರಬೇಕು, ದೋಸೆಹಿಟ್ಟಿಗೆ ಹಜಾರದವರೆಗೆ ನಡೆಯುವುದು ತಪ್ಪುತ್ತದೆ. ಭಾವನಿಗೆ ಅಕ್ಕಿ ಡ್ರಮ್ಮು ಅಲ್ಲಿಗೆ ಸರಿಯಬೇಕು. ಅಕ್ಕ ಕೇಳುತ್ತಿರುವುದು ಒಂದು ಸ್ಟೂಲು, ಯಾರಾದರೂ ಕೂತು ಸೊಪ್ಪು ಬಿಡಿಸುತ್ತ ಅವಳ ಜೊತೆ ಮಾತಾಡಲು. ನನ್ನ ಮತ ಸ್ಟೂಲಿಗೆ.